ಸ್ವಾಮಿಯ ಮನೆಯೂ ಜಗನ್ನನ ಅಂಗಡಿಯೂ

ಹಿರಿಯರೂ ಕಿರಿಯರೂ ಒಂದೇ ಚಾಪೆಯ ಮೇಲೆ ಕುಳಿತು, ಒಬ್ಬರು ಮತ್ತೊಬ್ಬರ ಮುಖವನ್ನು ನೋಡಲು ನಾಚದೆ ನೋಡತಕ್ಕ ದೂರದರ್ಶನದ ಕಥಾಮಾಲಿಕೆಗಳು ಬಹಳವಿಲ್ಲ. ಇದ್ದವುಗಳಲ್ಲಿ 1986-87ರಲ್ಲಿ ಪ್ರಸಾರವಾದ ‘ಮಾಲ್ಗುಡಿ ಡೇಸ್’ ಎಂಬುದಕ್ಕೆ ನಾವು ಮೊದಲ ಮಣೆಯನ್ನು ಹಾಕುತ್ತೇವೆ. ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣರ ಕಥೆಗಳನ್ನು ಶಂಕರನಾಗರು ತೆರೆಗೆ ತಂದರು. ಟಿ. ಎಸ್. ನರಸಿಂಹನ್ ಅವರು ನಿರ್ಮಾಪಕರು; ಎಲ್. ವೈದ್ಯನಾಥನ್ ಅವರದು ಸಂಗೀತ. ಚಿತ್ರಗಳನ್ನು ಬರೆದವರು ನಾರಾಯಣರ ತಮ್ಮಂದಿರಾದ ಆರ್. ಕೆ. ಲಕ್ಷ್ಮಣರು. ಕಲ್ಪನೆಯ ಊರಾದ ಮಾಲ್ಗುಡಿಗೆ ನೆಲವನ್ನು ಒದಗಿಸಿದುದು ನಮ್ಮ ಮಲೆನಾಡಿನ ಆಗುಂಬೆ.

ಸಕಲೇಶಪುರ, ಆಲೂರುಗಳ ಬೆಟ್ಟದ ಸೀಮೆಯವರಾದ ನಮಗೆ ಅದು ಪರರ ಊರೆಂದು ತೋರಲೇ ಇಲ್ಲ. ಹೆಂಚಿನ ಮಾಡು, ಮಳೆ ಬೀಳುವ ಅಂಗಳ, ಕಂಬದ ಜಗಲಿ, ಹಸಿರು ಹಿಡಿದ ಕಲ್ಲುಮೆಟ್ಟಿಲು ಇವೆಲ್ಲವೂ ನಮ್ಮವೇ. ಆದರೆ ಅದನ್ನು ನೋಡುವುದು ಮಾತ್ರ ಸುಲಭವಾಗಿರಲಿಲ್ಲ. ದೂರದರ್ಶನದ ಅಲೆಗಳು ನೆಟ್ಟಗೆ ಸಾಗತಕ್ಕವು. ನಡುವೆ ಒಂದು ಗುಡ್ಡ ಅಡ್ಡ ಬಂದರೆ ಕಣಿವೆಯ ಮನೆಗೆ ಚಿತ್ರವಿಲ್ಲ. ಆದುದರಿಂದ ಮೀನಿನ ಎಲುಬಿನಂತಿದ್ದ ಆಂಟೆನಾವನ್ನು ಅಡಕೆಯ ದಬ್ಬೆಗೆ ಕಟ್ಟಿ, ಒಬ್ಬನು ಹೊರಗೆ ನಿಂತು ತಿರುಗಿಸುತ್ತ, ಒಳಗಿನವರು ‘ಬಂತು, ಹೋಯಿತು’ ಎಂದು ಕೂಗುತ್ತ ಕಥೆಯ ಅರ್ಧವನ್ನು ಕಳೆದುಕೊಳ್ಳುತ್ತಿದ್ದರು. ಮಾತು ಹಿಂದಿಯಲ್ಲಿದ್ದರೂ ಅಜ್ಜಿಯಂದಿರಿಗೆ ಅದೊಂದು ಅಡ್ಡಿಯಾಗಲಿಲ್ಲ. ಮೊಮ್ಮಗನು ಅಜ್ಜಿಯ ಮಗ್ಗುಲಲ್ಲಿ ಮಲಗಿ ತನ್ನ ಸ್ನೇಹಿತನ ಪ್ರತಾಪವನ್ನು ಕೊಚ್ಚಿಕೊಳ್ಳುವುದನ್ನು ತಿಳಿಯಲು ಯಾವ ಭಾಷೆ ಬೇಕು?

ಬಾಲಕ ಸ್ವಾಮಿಯ ಪಾತ್ರವನ್ನು ಮಾಸ್ಟರ್ ಮಂಜುನಾಥನೂ, ಅವನ ತಂದೆಯ ಪಾತ್ರವನ್ನು ಗಿರೀಶ ಕಾರ್ನಾಡರೂ, ತಾಯಿಯ ಪಾತ್ರವನ್ನು ವೈಶಾಲಿ ಕಾಸರವಳ್ಳಿಯವರೂ ವಹಿಸಿದ್ದರು. ಆ ಕಥೆಯಲ್ಲಿ ಒಂದು ಲೆಕ್ಕದ ಪ್ರಸಂಗವುಂಟು. ರಾಮನು ಹತ್ತು ಮಾವಿನ ಹಣ್ಣುಗಳನ್ನು ಹದಿನೈದು ಆಣೆಗೆ ಮಾರುತ್ತಾನೆ, ಕೃಷ್ಣನಿಗೆ ನಾಲ್ಕೇ ಬೇಕು, ಅವನು ಎಷ್ಟು ಕೊಡಬೇಕು ಎಂದು ತಂದೆಯ ಪ್ರಶ್ನೆ. ಸ್ವಾಮಿಗಾದರೋ ಹಣ್ಣುಗಳು ಮಾಗಿದ್ದುವೋ ಇಲ್ಲವೋ ಎಂಬುದೇ ಚಿಂತೆ. ತಂದೆಯ ಕೋಪ ಏರುತ್ತದೆ. ಬಾಲಕನ ಕಣ್ಣು ತುಂಬುತ್ತದೆ. ಮೂವತ್ತು ವರ್ಷಕ್ಕೆ ಮೀರಿ ಮಕ್ಕಳಿಗೆ ಪಾಠ ಹೇಳಿದ ನಾವು ಈ ವಿಷಯದಲ್ಲಿ ಸ್ವಾಮಿಯ ಪಕ್ಷ. ಮಾಗದ ಹಣ್ಣಿಗೂ ಮಾಗಿದ ಹಣ್ಣಿಗೂ ಒಂದೇ ಬೆಲೆಯನ್ನು ಕಟ್ಟುವವನು ಸಂತೆಯನ್ನು ಕಂಡವನಲ್ಲ.

ಇದೇ ತಂದೆ, ಮಗನು ಮನೆಬಿಟ್ಟು ಓಡಿಹೋದ ರಾತ್ರಿ, ನದಿಯ ದಂಡೆಯಲ್ಲಿಯೂ ರೈಲು ಕಂಬಿಯ ಬಳಿಯಲ್ಲಿಯೂ ಅವನನ್ನು ಹುಡುಕುತ್ತಾನೆ. ಬೈಯುವ ತಂದೆ ಹುಡುಕುವ ತಂದೆಯೂ ಆಗಿರುವುದರಿಂದಲೇ ಆ ಮನೆ ನಮಗೆ ಬೆಚ್ಚಗೆನಿಸುತ್ತದೆ.

ಅದೇ ಮಾಲಿಕೆಯಲ್ಲಿ ಇನ್ನೊಂದು ತಂದೆಮಕ್ಕಳ ಕಥೆ ಇರುವುದನ್ನು ಜನರು ಅಷ್ಟಾಗಿ ನೆನೆಯುವುದಿಲ್ಲ. ಅದು ಮಿಠಾಯಿಯ ವ್ಯಾಪಾರಿಯಾದ ಜಗನ್ನನ ಕಥೆ. ಜಗನ್ನನಾಗಿ ಅಭಿನಯಿಸಿದವರು ಅನಂತನಾಗರು. ಸ್ವಾಮಿಯ ಕಾದಂಬರಿ ಅಚ್ಚಾದುದು 1935ರಲ್ಲಿ. ಆಗ ನಾರಾಯಣರಿಗೆ ಮೂವತ್ತು ತುಂಬಿರಲಿಲ್ಲ. ಜಗನ್ನನ ಕಾದಂಬರಿ ಹೊರಬಂದುದು 1967ರಲ್ಲಿ. ಆಗ ಅವರಿಗೆ ಅರುವತ್ತು. ಒಂದನ್ನು ಮಗನ ಕಣ್ಣಿನಿಂದಲೂ ಮತ್ತೊಂದನ್ನು ತಂದೆಯ ಕಣ್ಣಿನಿಂದಲೂ ಬರೆದಂತಿದೆ. ದೂರದರ್ಶನದಲ್ಲಿ ಅವು ಬಂದಾಗ ಇಪ್ಪತ್ತೆರಡರ ಆಸುಪಾಸಿನಲ್ಲಿದ್ದ ನಾವು ಸ್ವಾಮಿಯನ್ನು ಕಂಡು ನಕ್ಕು, ಜಗನ್ನನನ್ನು ನೋಡುತ್ತ ಆಕಳಿಸಿದ್ದೆವು. ಈಗ ಮತ್ತೆ ನೋಡಿದಾಗ ಜಗನ್ನನು ನಮ್ಮನ್ನು ಹಿಡಿದು ಕೂರಿಸಿದನು.

ಜಗನ್ನನು ಗಾಂಧೀಜಿಯ ಅನುಯಾಯಿ, ಚರಕದಲ್ಲಿ ನೂಲುವವನು, ಹೆಂಡತಿಯನ್ನು ಕಳೆದುಕೊಂಡವನು. ಒಬ್ಬನೇ ಮಗ ಮಾಲಿ. ಅವನಿಗಾಗಿ ತಂದೆ ಪ್ರಾಣವನ್ನೇ ಇಟ್ಟುಕೊಂಡಿದ್ದರೂ ಇಬ್ಬರ ನಡುವೆ ಮಾತಿಲ್ಲ. ಮಗನು ಓದನ್ನು ಬಿಟ್ಟುದೇಕೆ, ಅಮೆರಿಕಕ್ಕೆ ಹೊರಟುದೇಕೆ ಎಂಬುದನ್ನು ತಂದೆಯು ಮೂರನೆಯವನ ಬಾಯಿಂದ ಕೇಳಬೇಕು. ಅವನು ಹೋದ ಮೇಲೆ ಅಲ್ಲಿಂದ ಬಂದ ಕಾಗದಗಳನ್ನು ಮಾತ್ರ ಸಿಕ್ಕಿದವರಿಗೆಲ್ಲ ಓದಿ ಹೇಳಿ ಹಿಗ್ಗುತ್ತಾನೆ! ಐದು ವರ್ಷ ಮುದ್ದಿಸಿ, ಮುಂದೆ ಹತ್ತು ವರ್ಷ ಶಿಕ್ಷಿಸಿ, ಹದಿನಾರಾದ ಮಗನನ್ನು ಮಿತ್ರನಂತೆ ಕಾಣಬೇಕೆಂದು ನಮ್ಮ ನೀತಿಶಾಸ್ತ್ರ ಹೇಳುವುದಷ್ಟೆ. ಮುದ್ದಿಸುವುದೂ ಶಿಕ್ಷಿಸುವುದೂ ಎಲ್ಲರಿಗೂ ಬರುತ್ತವೆ; ಆ ಮೂರನೆಯದೇ ಕಷ್ಟ.

ನಮ್ಮ ಸೀಮೆಯಲ್ಲಿ ಅದು ಮತ್ತಷ್ಟು ಕಷ್ಟ. ಕಾಫಿ, ಏಲಕ್ಕಿಗಳ ತೋಟದ ಮನೆಗಳು ಒಂದಕ್ಕೊಂದು ದೂರ. ಶಾಲೆ ಇನ್ನೂ ದೂರ. ಹತ್ತು ಹನ್ನೆರಡರ ವಯಸ್ಸಿಗೇ ಮಕ್ಕಳನ್ನು ಹಾಸನಕ್ಕೋ ಮಂಗಳೂರಿನ ಕಡೆಗೋ ವಸತಿಶಾಲೆಗೆ ಕಳುಹಿಸುವ ತಂದೆತಾಯಿಗಳನ್ನು ನಾವು ಬಹುಮಂದಿಯನ್ನು ಕಂಡಿದ್ದೇವೆ. ಅವರನ್ನು ದೂಷಿಸುವ ಹಕ್ಕು ನಮಗಿಲ್ಲ. ಓದಿಸುವ ಆಸೆಯಿಂದಲೇ ಕಳುಹಿಸುತ್ತಾರೆ. ಆದರೆ ಜೂನ್ ತಿಂಗಳ ಮಳೆಯಲ್ಲಿ ಪೆಟ್ಟಿಗೆಯೊಡನೆ ಸಕಲೇಶಪುರದ ನಿಲ್ದಾಣದಲ್ಲಿ ನಿಂತ ಬಾಲಕನು ದಸರೆಗೆ ಹಿಂದಿರುಗುವಾಗ ಸ್ವಲ್ಪ ಬೇರೆಯವನಾಗಿರುತ್ತಾನೆ. ನಾಲ್ಕು ದಸರೆಗಳು ಕಳೆದರೆ, ‘ಊಟವಾಯಿತೆ?’ ‘ಆಯಿತು’ ಎಂಬಷ್ಟಕ್ಕೆ ಮಾತು ನಿಲ್ಲುತ್ತದೆ. ಮುಂದೆ ಬೆಂಗಳೂರು, ಅದರ ಮುಂದೆ ಸಮುದ್ರದಾಚೆ. ಆಲೂರಿನ ಕಡೆಯ ಗೃಹಸ್ಥರೊಬ್ಬರು ಪರದೇಶದ ಮಗನು ವಾಟ್ಸಾಪಿನಲ್ಲಿ ಕಳುಹಿಸಿದ ಮಾತುಗಳನ್ನು ಕಣದಲ್ಲಿ ಕಾಫಿ ಒಣಗಿಸುವ ಆಳುಗಳಿಗೂ ಓದಿ ಹೇಳುತ್ತಿದ್ದರು. ಮಗನಿಗೆ ನೀವೇನು ಬರೆದಿರಿ ಎಂದು ಒಮ್ಮೆ ಕೇಳಿದೆವು. ‘ಮಳೆ ಎಷ್ಟು ಇಂಚು ಬಿತ್ತೆಂದು ಬರೆದೆ’ ಎಂದರು. ಮತ್ತೇನನ್ನು ಬರೆಯಬೇಕೆಂದು ಅವರಿಗೆ ನಿಜವಾಗಿಯೂ ತೋಚಿರಲಿಲ್ಲ.

ಕಾಳಿದಾಸನ ಶಾಕುಂತಲದ ನಾಲ್ಕನೆಯ ಅಂಕದಲ್ಲಿ, ಮಗಳನ್ನು ಕಳುಹಿಸಿಕೊಡುವಾಗ ಕಣ್ವಮಹರ್ಷಿಯೂ ಕಂಠಗದ್ಗದನಾಗುತ್ತಾನೆ. ಆದರೂ ಹೇಳಬೇಕಾದುದನ್ನು ಅವಳೊಡನೆ ಬಾಯಿಬಿಟ್ಟು ಹೇಳಿ ಕಳುಹಿಸುತ್ತಾನೆ. ಮಾಲಿಯು ದೂರ ಹೋದನೆಂಬುದಕ್ಕಿಂತ, ಹೋಗುವ ಮೊದಲೇ ಆ ಮನೆಯಲ್ಲಿ ಮಾತು ಸತ್ತಿತ್ತೆಂಬುದೇ ಜಗನ್ನನ ದುಃಖದ ಬೇರೆಂದು ನಮಗೆ ತೋರುತ್ತದೆ.

ಶಂಕರನಾಗರು 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ ಮೂವತ್ತಾರೂ ತುಂಬಿರಲಿಲ್ಲ. ವೈಶಾಲಿಯವರು 2010ರಲ್ಲಿಯೂ ಕಾರ್ನಾಡರು 2019ರಲ್ಲಿಯೂ ಅಗಲಿದರು. ಚಿತ್ರೀಕರಣ ನಡೆದ ಅರಸಾಳು ನಿಲ್ದಾಣದ ಹಳೆಯ ಕಟ್ಟಡವನ್ನು ರೈಲ್ವೆಯವರು 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿದ್ದಾರೆ. ಮಾಲಿಕೆಯು ಈಗ ಅಂತರ್ಜಾಲದಲ್ಲಿ ದೊರೆಯುವುದರಿಂದ ಆಂಟೆನಾ ತಿರುಗಿಸುವ ಕಷ್ಟವಿಲ್ಲ. ಮಕ್ಕಳು ರಜಕ್ಕೆ ಬಂದಾಗ ವಾಚಕರು ಮೊದಲು ಸ್ವಾಮಿಯ ಕಥೆಯನ್ನೇ ಹಾಕಲಿ. ಮಾವಿನ ಹಣ್ಣಿನ ಲೆಕ್ಕ ಬಂದಾಗ ನಡುವೆ ನಿಲ್ಲಿಸಿ, ಹಣ್ಣು ಮಾಗಿತ್ತೆ ಎಂದು ಕೇಳಿ ನೋಡಬಹುದು. ಹದಿನಾರು ದಾಟಿದವರು ಮನೆಯಲ್ಲಿದ್ದರೆ ಮಾರನೆಯ ದಿನ ಜಗನ್ನನ ಕಥೆ; ಅಂದು ಅಡಿಗೆಯನ್ನು ಬೇಗ ಮುಗಿಸಿಕೊಂಡು ಕುಳಿತರೆ, ಕಥೆ ಮುಗಿದ ಮೇಲೆ ಕೂಡಲೆ ಯಾರೂ ಏಳಬೇಕಾಗುವುದಿಲ್ಲ.