ಖಾಲಿ ನಳಿಕೆಗಳ ಲೆಕ್ಕ

ದಕ್ಷಿಣ ಆಫ್ರಿಕದ ಡರ್ಬನ್ನಿನ ಕಡಲಗಾಳಿಯನ್ನು ಹಿಂದೆ ಬಿಟ್ಟು, ಕಬ್ಬಿನ ತೋಟಗಳ ನಡುವೆ ಏರುತ್ತ ಏರುತ್ತ ಪೀಟರ್‌ಮಾರಿಟ್ಸ್‌ಬರ್ಗ್ ಊರು ದಾಟಿದರೆ ವುಲಿಂಡ್ಲೆಲಾದ ಗುಡ್ಡಗಳು ಎದುರಾಗುತ್ತವೆ. ಅಲ್ಲಿ ಚಳಿಗಾಲವೆಂದರೆ ಜೂನ್, ಜುಲೈ. ಹುಲ್ಲೆಲ್ಲ ಒಣಗಿ ಹಳದಿಯಾಗಿರುತ್ತದೆ, ಕೊಯ್ದ ಮೆಕ್ಕೆಜೋಳದ ದಂಟುಗಳ ನಡುವೆ ದನಗಳು ಮೂಗು ತೂರಿಸುತ್ತಿರುತ್ತವೆ. ದುಂಡನೆಯ ಗುಡಿಸಲುಗಳ ಪಕ್ಕದಲ್ಲೇ ತಗಡು ಹೊದೆಸಿದ ಮನೆಗಳು, ಅವುಗಳ ನಡುವಿನಿಂದ ಏಳುವ ಸೌದೆ ಹೊಗೆ. ಕೆಂಪು ಮಣ್ಣಿನ ದಾರಿಯಲ್ಲಿ ಬಿಳಿ ಮಿನಿಬಸ್ ಟ್ಯಾಕ್ಸಿಗಳು ಹಾರ್ನ್ ಹೊಡೆಯುತ್ತ ಬರುತ್ತವೆ. ನಿಂತವರು ಎಲ್ಲಿಗೆ ಹೋಗಬೇಕೆಂದು ಬಾಯಿಬಿಟ್ಟು ಹೇಳುವುದಿಲ್ಲ, ಬೆರಳ ಸನ್ನೆಯಲ್ಲೇ ತಿಳಿಸುತ್ತಾರೆ. ರಸ್ತೆಬದಿಯಲ್ಲಿ ಬಾಣಲೆಯಿಂದ ಆಗಷ್ಟೇ ಇಳಿದ ಅಮಗ್ವಿನ್ಯಾ, ನಮ್ಮ ಮಂಗಳೂರು ಬನ್ಸಿನ ದಾಯಾದಿಯಂತೆ ಉಬ್ಬಿಕೊಂಡು ಘಮಘಮಿಸುತ್ತಿರುತ್ತದೆ.

ಕ್ಲಿನಿಕ್ಕಿನ ಬಾಗಿಲು ತೆರೆಯುವ ಮೊದಲೇ ಸಾಲು ಬೆಳೆದಿರುತ್ತದೆ. ಕೂಸನ್ನು ಬೆನ್ನಿಗೆ ಕಂಬಳಿಯಲ್ಲಿ ಬಿಗಿದುಕೊಂಡ ಹುಡುಗಿಯರು, ಮೊಮ್ಮಕ್ಕಳ ಕೈಹಿಡಿದು ಬಂದ ಗೋಗೋಗಳು ಅಂದರೆ ಅಜ್ಜಿಯರು, ಶಾಲೆಯ ಸ್ವೆಟರಿನಲ್ಲೇ ಬಂದವರು. ಹೆಚ್ಚಿನವರು ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ ಗರ್ಭನಿರೋಧಕ ಇಂಜೆಕ್ಷನ್ನಿಗೆ ಬಂದವರು. ಕಾಂಡೋಮ್ ಡಬ್ಬಿಯೂ ಅಲ್ಲೇ ಇದೆ, ದುಡ್ಡು ಕೊಡಬೇಕಿಲ್ಲ. ಕೈಹಾಕಿ ಎಷ್ಟು ಬೇಕಾದರೂ ತೆಗೆದುಕೊಂಡು ಹೋಗಬಹುದು. ಆದರೆ ಅದನ್ನು ಹಾಕಿಕೊಳ್ಳಬೇಕಾದವನು ಈ ಸಾಲಿನಲ್ಲಿಲ್ಲ. ಅವನು ಜೊಹಾನ್ಸ್‌ಬರ್ಗಿನಲ್ಲೋ ಡರ್ಬನ್ನಿನ ಬಂದರಿನಲ್ಲೋ ದುಡಿಯುತ್ತಿರುತ್ತಾನೆ; ಬಂದಾಗ ಹಣವನ್ನೂ ತರುತ್ತಾನೆ, ಹಟವನ್ನೂ ತರುತ್ತಾನೆ.

ಡರ್ಬನ್ನಿನ ಖುರೈಷಾ ಅಬ್ದುಲ್ ಕರೀಮ್ ಭಾರತದಿಂದ ಹೋಗಿ ನೆಲೆಸಿದವರ ಮನೆತನದ ಹೆಣ್ಣುಮಗಳು. 1990ರ ಸುಮಾರಿಗೆ ಈ ಕಡೆಯ ಹಳ್ಳಿಗಳ ರಕ್ತಪರೀಕ್ಷೆಯ ಲೆಕ್ಕ ನೋಡಿದಾಗ ಅವರ ಕಣ್ಣಿಗೆ ಬಿದ್ದದ್ದು, ಓರಗೆಯ ಹುಡುಗರಿಗಿಂತ ಹದಿಹರೆಯದ ಹುಡುಗಿಯರಲ್ಲೇ ಎಚ್‌ಐವಿ ಬಹಳ ಹೆಚ್ಚಾಗಿದ್ದದ್ದು. ಹುಡುಗಿಯರಿಗೆ ಸೋಂಕು ತಗಲುತ್ತಿದ್ದದ್ದು ತಮಗಿಂತ ಹಿರಿಯ ಗಂಡಸರಿಂದ. ಗಂಡಸಿನ ಒಪ್ಪಿಗೆ ಕೇಳದೆ ಹೆಣ್ಣೇ ಬಳಸಬಹುದಾದ್ದು ಏನಾದರೂ ಬೇಕು ಎಂಬ ಹುಡುಕಾಟ ಅಲ್ಲಿಂದ ಶುರುವಾಯಿತು. ಪತಿ ಸಲೀಂ ಅವರ ಜೊತೆಗೂಡಿ ಕಟ್ಟಿದ ಕಪ್ರಿಸಾ ಸಂಶೋಧನಾ ಕೇಂದ್ರವು 2007ರಲ್ಲಿ ಡರ್ಬನ್ ಮತ್ತು ವುಲಿಂಡ್ಲೆಲಾದ 889 ಹೆಣ್ಣುಮಕ್ಕಳ ಕೈಗೆ ಜೆಲ್ ತುಂಬಿದ ಪ್ಲಾಸ್ಟಿಕ್ ನಳಿಕೆಗಳನ್ನು ಕೊಟ್ಟಿತು. ಅರ್ಧದಷ್ಟು ನಳಿಕೆಗಳಲ್ಲಿ ಟೆನೊಫೊವಿರ್ ಎಂಬ ಎಚ್‌ಐವಿ ಔಷಧ, ಉಳಿದವುಗಳಲ್ಲಿ ಬರೀ ಜೆಲ್. ಕೂಡುವ ಮೊದಲು ಯೋನಿಯೊಳಗೆ ಒಂದು, ಆಮೇಲೆ ಒಂದು.

ತಿಂಗಳು ತುಂಬಿದ ಮೇಲೆ ಅವರು ಮತ್ತೆ ಬರಬೇಕು, ಬಳಸಿದ ಖಾಲಿ ನಳಿಕೆಗಳನ್ನೂ ಉಳಿದವನ್ನೂ ಚೀಲದಲ್ಲಿ ಹೊತ್ತು ತರಬೇಕು. ಮೇಜಿನ ಮೇಲೆ ಸುರಿದು ಒಂದೊಂದಾಗಿ ಎಣಿಸುತ್ತಾರೆ. ಹೇಳುವುದು ಸುಲಭ. ಒಂದೇ ಕೋಣೆಯಲ್ಲಿ ನಾಲ್ಕು ಜನ ಮಲಗುವ ಮನೆಯಲ್ಲಿ ಆ ನಳಿಕೆಗಳನ್ನು ಯಾರ ಕಣ್ಣಿಗೂ ಬೀಳದಂತೆ ತಿಂಗಳಿಡೀ ಎಲ್ಲಿ ಇಡುವುದು? ಅವನು ಹೇಳದೆ ಕೇಳದೆ ಬಂದ ರಾತ್ರಿ ಏನು ಮಾಡುವುದು? 2010ರ ಜುಲೈನಲ್ಲಿ ವಿಯೆನ್ನಾದ ಏಡ್ಸ್ ಸಮ್ಮೇಳನದಲ್ಲಿ ಫಲಿತಾಂಶ ಓದಿದಾಗ ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಸೋಂಕು ಶೇ. 39ರಷ್ಟು ತಗ್ಗಿತ್ತು, ಬಹುತೇಕ ತಪ್ಪದೆ ಬಳಸಿದವರಲ್ಲಿ ಶೇ. 54. ಮುಂದಿನ ದೊಡ್ಡ ಪರೀಕ್ಷೆಯಲ್ಲಿ ಅದೇ ಜೆಲ್ ಗೆಲ್ಲಲಿಲ್ಲ.

ನಡುವೆ ವಾಯ್ಸ್ ಎಂಬ ಅಧ್ಯಯನ ಬಂತು. ದಕ್ಷಿಣ ಆಫ್ರಿಕ, ಉಗಾಂಡ, ಜಿಂಬಾಬ್ವೆಗಳ 5,029 ಹೆಣ್ಣುಮಕ್ಕಳಿಗೆ ದಿನವೂ ಗುಳಿಗೆ ಇಲ್ಲವೆ ಜೆಲ್. ತಪ್ಪದೆ ಬಳಸುತ್ತಿದ್ದೇವೆ ಎಂದೇ ಬಹುಪಾಲು ಮಂದಿ ಹೇಳಿದರು. ವಾಪಸು ತಂದ ಡಬ್ಬಿಗಳ ಲೆಕ್ಕವೂ ಹೌದೆಂದಿತು. ರಕ್ತ ಮಾತ್ರ ಬೇರೆ ಹೇಳಿತು: ಔಷಧದ ಸುಳಿವು ಸಿಕ್ಕಿದ್ದು ಮೂರರಲ್ಲೊಂದು ಪಾಲಿಗಿಂತ ಕಡಿಮೆ ಮಾದರಿಗಳಲ್ಲಿ. ಸುಳ್ಳು ಹೇಳಿದರು ಎಂದು ಬೆರಳು ತೋರಿಸಿದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕಾಯಿಲೆ ಬಂದವರು ನುಂಗುವ ಗುಳಿಗೆಯೇ ಇದು. ಬೀರುವಿನಲ್ಲಿ ಆ ಡಬ್ಬಿ ಅತ್ತೆಗೆ ಸಿಕ್ಕರೆ ಕಾಯಿಲೆಯಿಲ್ಲವೆಂದು ನಂಬಿಸುವುದು ಹೇಗೆ?

ಇನ್ನೊಂದು ಅನುಮಾನವೂ ವರ್ಷಗಳಿಂದ ಕಾಡುತ್ತಿತ್ತು: ಆ ಮೂರು ತಿಂಗಳ ಇಂಜೆಕ್ಷನ್ನೇ ಸೋಂಕಿಗೆ ದಾರಿ ಮಾಡಿಕೊಡುತ್ತಿದೆಯೇ? ನಾಲ್ಕು ದೇಶಗಳ 7,829 ಹೆಣ್ಣುಮಕ್ಕಳೊಡನೆ ನಡೆದ ಎಕೋ ಅಧ್ಯಯನ ಇಂಜೆಕ್ಷನ್, ಕಾಪರ್ ಟಿ ಥರದ ಸಾಧನ, ತೋಳಿನ ಚರ್ಮದಡಿಯ ಕಡ್ಡಿ, ಈ ಮೂರನ್ನೂ ಹೋಲಿಸಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲವೆಂದು 2019ರಲ್ಲಿ ತಿಳಿಸಿತು. ಹಲವರು ನೆಮ್ಮದಿಯ ಉಸಿರು ಬಿಟ್ಟರು. ಆದರೆ ಅದೇ ವರದಿಯೊಳಗೆ ಇನ್ನೊಂದು ಅಂಕಿ ಇತ್ತು: ಬರೀ ಗರ್ಭ ತಡೆಯಲು ಬಂದಿದ್ದ ಆ ಹೆಣ್ಣುಮಕ್ಕಳಲ್ಲಿ ವರ್ಷಕ್ಕೆ ನೂರಕ್ಕೆ ಹತ್ತಿರಹತ್ತಿರ ನಾಲ್ವರಿಗೆ ಎಚ್‌ಐವಿ ತಗಲುತ್ತಿತ್ತು. ಅಷ್ಟು ವರ್ಷದ ಬುದ್ಧಿಮಾತು, ಕಾಂಡೋಮ್ ಡಬ್ಬಿಗಳಾದ ಮೇಲೂ.

ಎಚ್‌ಐವಿ ತಡೆಯಲು ಈಗ ಬಂದಿರುವ ಹೊಸ ಮದ್ದು ಲೆನಕಪವಿರ್. ಹುಡುಗಿ ಮಂಚದ ಮೇಲೆ ಮಲಗುತ್ತಾಳೆ, ಸಿಸ್ಟರ್ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಸೂಜಿ ಇಳಿಸುತ್ತಾರೆ. ಒಂದು ಸಲಕ್ಕೆ ಎರಡು ಚುಚ್ಚು. ಸಣ್ಣ ಗಂಟೊಂದು ಕೆಲವು ತಿಂಗಳು ಕೈಗೆ ಸಿಗುವುದುಂಟು. ಮತ್ತೆ ಬರಬೇಕಾದ್ದು ಆರು ತಿಂಗಳಿಗೆ. ಮನೆಯಲ್ಲಿ ತಿಂಗಳಿಡೀ ಬಚ್ಚಿಡುವಂಥದ್ದು ಏನೂ ಇಲ್ಲ. ದಕ್ಷಿಣ ಆಫ್ರಿಕ ಮತ್ತು ಉಗಾಂಡಗಳಲ್ಲಿ ಈ ಮದ್ದು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ. ನಡುವೆ ಬಸಿರಾದವರನ್ನೂ ಹೊರಗೆ ಕಳಿಸಿರಲಿಲ್ಲ. ಔಷಧ ಸಂಶೋಧನೆಯಲ್ಲಿ ಅಪರೂಪದ ಮರ್ಯಾದೆ ಅದು. 2024ರಲ್ಲಿ ಮ್ಯೂನಿಕ್‌ನ ಸಮ್ಮೇಳನದಲ್ಲಿ ವೈದ್ಯೆ ಲಿಂಡಾ-ಗೇಲ್ ಬೆಕರ್ ಆ ಸೊನ್ನೆಯನ್ನು ಹೇಳಿದಾಗಲೂ ಸಭೆ ಎದ್ದುನಿಂತಿತು.

ಆದರೆ ಚಪ್ಪಾಳೆಯಿಂದ ಕ್ಲಿನಿಕ್ ನಡೆಯುವುದಿಲ್ಲ. ಎಚ್‌ಐವಿಯನ್ನೂ ಗರ್ಭವನ್ನೂ ಒಟ್ಟಿಗೆ ತಡೆಯುವ ಹೊಸ ಸಿಲಿಕೋನ್ ರಿಂಗೊಂದರ ಪರೀಕ್ಷೆ ವುಲಿಂಡ್ಲೆಲಾದಲ್ಲೇ ನಡೆದಿತ್ತು. 2025ರ ಜನವರಿಯಲ್ಲಿ ಅಮೆರಿಕ ತನ್ನ ನೆರವನ್ನು ಹಠಾತ್ತನೆ ತಡೆಹಿಡಿದಾಗ, ಬನ್ನಿ, ರಿಂಗ್ ತೆಗೆಯಬೇಕು ಎಂದು ಹೆಣ್ಣುಮಕ್ಕಳಿಗೆ ಫೋನು ಹೋಯಿತು.

ಲೆನಕಪವಿರ್‌ಗೆ ಅಮೆರಿಕದಲ್ಲಿ ವರ್ಷಕ್ಕೆ 28,000 ಡಾಲರಿಗೂ ಮೇಲಿನ ಬೆಲೆ. ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳು 2027ರಿಂದ ಬಡದೇಶಗಳಿಗೆ ಅದನ್ನು ವರ್ಷಕ್ಕೆ ಸುಮಾರು 40 ಡಾಲರಿಗೆ ಕೊಡುವ ಒಪ್ಪಂದವಾಗಿದೆ. ಗರ್ಭನಿರೋಧಕ ಇಂಜೆಕ್ಷನ್ನಿಗೆ ಹೇಗೂ ಮೂರು ತಿಂಗಳಿಗೊಮ್ಮೆ ಬರುತ್ತಾರಲ್ಲ, ಒಂದು ಸಲ ಬಿಟ್ಟು ಒಂದು ಸಲ ಇದನ್ನೂ ಚುಚ್ಚಿಸಿಕೊಂಡರಾಯಿತು. ಮದ್ದು ಕಪಾಟಿನಲ್ಲಿದ್ದರೆ ಟ್ಯಾಕ್ಸಿಗೆ ಎರಡನೆಯ ಬಾಡಿಗೆಯೂ ಬೇಕಿಲ್ಲ.