ವಿದ್ಯಾರ್ಥಿಗಳ ಸಂಗೀತ ಪತ್ರಿಕೆ: ರೂಢಿಯೂ ರೂಪವೂ

ಸಂಗೀತ ಕಿವಿಗೆ ಸೇರಿದ್ದು. ಪತ್ರಿಕೆ ಕಣ್ಣಿಗೆ ಸೇರಿದ್ದು. ಕಿವಿಯ ಸೊತ್ತನ್ನು ಕಣ್ಣಿಗೆ ಒಪ್ಪಿಸಹೊರಟಾಗ ಏಳುವ ತೊಡಕುಗಳು ಒಂದೆರಡಲ್ಲ. ಗಾಯಕನ ಎದುರು ಕುಳಿತ ಶ್ರೋತೃವಿಗೆ ಕಾಲವೇ ದಾರಿ ತೋರಿಸುತ್ತದೆ. ಆಲಾಪದ ತರುವಾಯ ಬಂದಿಶು, ಬಂದಿಶಿನ ತರುವಾಯ ತಾನು, ಹೀಗೆ ಒಂದು ಮುಗಿದ ಮೇಲೆ ಇನ್ನೊಂದು ತಾನಾಗಿ ಬರುತ್ತದೆ. ಓದುಗನಿಗಾದರೋ ಆ ದಾರಿಯನ್ನು ಪುಟವೇ ತೋರಿಸಬೇಕು. ಎಲ್ಲಿಂದ ಓದತೊಡಗಬೇಕು, ಯಾವುದು ಮುಖ್ಯ, ಯಾವುದು ಆನುಷಂಗಿಕ ಎಂಬುದನ್ನು ಅಕ್ಷರದ ಗಾತ್ರ, ಚಿತ್ರದ ಸ್ಥಾನ, ಬಿಟ್ಟ ಬಿಳಿಯ ಜಾಗ ಇವೇ ಸೂಚಿಸಬೇಕು. ಇವುಗಳನ್ನು ಬರಿಯ ಅಲಂಕಾರವೆಂದು ಭಾವಿಸುವವರು ನಮ್ಮಲ್ಲಿ ಅನೇಕರು. ಸಂಗೀತ ಪತ್ರಿಕೆಯ ಮಟ್ಟಿಗೆ ಇವು ವ್ಯಾಕರಣದ ಸ್ಥಾನದಲ್ಲಿವೆಯೆಂದು ನನ್ನ ನಂಬಿಕೆ.

ಈ ವಿಚಾರ ನನ್ನಲ್ಲಿ ಬಲಗೊಂಡದ್ದು ಕೊಗನೊಳ್ಳಿಯ ಕಡೆಯ ಕೆಲವು ವಿದ್ಯಾರ್ಥಿಗಳ ಸಹವಾಸದಿಂದ. ನಿಪ್ಪಾಣಿಯಿಂದ ಕೊಲ್ಲಾಪುರದತ್ತ ಹೋಗುವ ಹೆದ್ದಾರಿಯಲ್ಲಿ ಕರ್ನಾಟಕದ ಕೊನೆಗಿರುವ ಊರು ಇದು. ಸ್ವಲ್ಪ ಮುಂದೆ ಹೋದರೆ ಕಾಗಲ, ಅಲ್ಲಿಂದ ಮಹಾರಾಷ್ಟ್ರ. 1956ರ ನವೆಂಬರ 1ರಂದು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದ ಈ ಸೀಮೆಯಲ್ಲಿ ಕನ್ನಡ ಮರಾಠಿಗಳೆರಡೂ ಒಂದೇ ಅಂಗಳದಲ್ಲಿ ಆಡುತ್ತವೆ. ಒಂದೇ ಭಜನೆಯಲ್ಲಿ ಮೊದಲು ತತ್ತ್ವಪದ, ಆಮೇಲೆ ಅಭಂಗ. ತಾಳ ಹಾಕುವ ಕೈಗಳು ಮಾತ್ರ ಅವೇ. ಇಂಥ ಊರಿನ ಹುಡುಗರು ಹದಿನಾರು ಪುಟದ ಒಂದು ಸಂಗೀತ ಪತ್ರಿಕೆಯನ್ನು ಹೊರಡಿಸುವ ಉತ್ಸಾಹದಿಂದ ಸಲಹೆ ಕೇಳಲು ನನ್ನಲ್ಲಿಗೆ ಬಂದರು. ಅವರ ಕೈಯಲ್ಲಿ ಮುಖಪುಟದ ನಕ್ಷೆಯೊಂದು ಆಗಲೇ ಸಿದ್ಧವಾಗಿದ್ದಿತು: ಮೇಲೆ ಎಡಕ್ಕೆ ಹೆಸರು, ನಡುವೆ ಹೆಸರಾಂತ ಚಲಚ್ಚಿತ್ರ ಗಾಯಕರೊಬ್ಬರ ದೊಡ್ಡ ಮುಖ, ಸುತ್ತಲೂ ಏಳೆಂಟು ಶೀರ್ಷಿಕೆಗಳು.

ಆ ನಕ್ಷೆ ಅವರ ಸ್ವಂತದ್ದಲ್ಲವೆಂಬುದು ನೋಡಿದೊಡನೆ ತಿಳಿಯುತ್ತಿದ್ದಿತು. ಅದು ಜಗತ್ತಿನಲ್ಲೆಲ್ಲ ಓಡಾಡುವ ಒಂದು ರೂಢಿ. 1967ರಲ್ಲಿ ಸಾನ್‌ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಮೊದಲ ಸಂಚಿಕೆಯ ಮುಖದಲ್ಲಿಯೂ ಗಾಯಕನೇ ಇದ್ದನು, ಜಾನ್ ಲೆನನ್. ಬ್ರಿಟನ್ನಿನ ಶಾಲೆಗಳಲ್ಲಿ ಮಾಧ್ಯಮವನ್ನು ವಿಷಯವಾಗಿ ಆರಿಸಿಕೊಂಡ ವಿದ್ಯಾರ್ಥಿಗಳು ಹೊಸದೊಂದು ಸಂಗೀತ ಪತ್ರಿಕೆಯ ಮುಖಪುಟ, ವಿಷಯಸೂಚಿ, ಎದುರುಬದುರು ಪುಟಗಳ ಒಂದು ಲೇಖನ, ಇಷ್ಟನ್ನು ತಾವೇ ರಚಿಸಿ ಒಪ್ಪಿಸುವ ಅಭ್ಯಾಸ ಬಹುಕಾಲ ನಡೆಯಿತು. ಹಾಗೆ ರಚಿಸುವಾಗ ಯಾವ ರೂಢಿಯನ್ನು ಏಕೆ ಅನುಸರಿಸಿದೆ, ಎಲ್ಲಿ ಮುರಿದೆ ಎಂಬುದಕ್ಕೆ ಅವರು ಸಮರ್ಥನೆಯನ್ನೂ ಕೊಡಬೇಕಾಗಿದ್ದಿತು. ಈ ಕೊನೆಯ ಮಾತು ನನಗೆ ಬಹಳ ಹಿಡಿಸಿತು. ರೂಢಿಯನ್ನು ಅನುಸರಿಸುವುದೆಂದರೆ ಅದರ ಕಾರಣವನ್ನು ಅರಿತು ಅನುಸರಿಸುವುದು.

ಪತ್ರಿಕೆಯ ಹೆಸರು ಎಡಮೇಲಿನ ಮೂಲೆಯಿಂದ ಮೊದಲಾಗುವುದೇಕೆ? ಪರದೇಶದ ಅಂಗಡಿಗಳ ಕಪಾಟಿನಲ್ಲಿ ಪತ್ರಿಕೆಗಳನ್ನು ಒಂದರ ಮೇಲೊಂದು ಸರಿಸಿ ಜೋಡಿಸಿದಾಗ ಎಡದಂಚಿನ ಪಟ್ಟಿಯೊಂದೇ ಗಿರಾಕಿಯ ಕಣ್ಣಿಗೆ ಬೀಳುತ್ತದೆ; ಆದುದರಿಂದ ಮುಖ್ಯವಾದುದೆಲ್ಲ ಆ ಪಟ್ಟಿಯೊಳಗೇ ಬರಬೇಕು. ನಮ್ಮ ಬಸ್ ನಿಲ್ದಾಣದ ಅಂಗಡಿಯಲ್ಲಿ ಪತ್ರಿಕೆಗಳು ದಾರಕ್ಕೆ ತೂಗುಬಿದ್ದಿರುತ್ತವೆ. ಅಲ್ಲಿ ಮೊದಲು ಕಾಣುವುದು ಮೇಲಿನ ಭಾಗ. ಇನ್ನು ಈ ಹುಡುಗರ ಪತ್ರಿಕೆ ಅಂಗಡಿಗೇ ಹೋಗುವುದಿಲ್ಲ. ಶಾಲೆಯ ವಾಚನಾಲಯದ ಮೇಜಿನ ಮೇಲೆ, ಗುಡಿಯ ಪಡಸಾಲೆಯಲ್ಲಿ ಕೈಯಿಂದ ಕೈಗೆ ದಾಟುತ್ತದೆ. ದೊಡ್ಡ ಮುಖವೂ ಹಾಗೆಯೇ. ಪರಿಚಿತ ಮುಖ ಅಪರಿಚಿತ ಗಿರಾಕಿಯನ್ನು ಸೆಳೆಯುತ್ತದೆ. ಕೊಳ್ಳುವವನೇ ಇಲ್ಲದಿರುವಲ್ಲಿ ಅದರ ಕೆಲಸವೇನು? ಚಲಚ್ಚಿತ್ರ ಗಾಯಕರ ಚಿತ್ರವನ್ನು ಊರಿನವರು ದಿನಕ್ಕೆ ಹತ್ತು ಸಲ ದೂರವಾಣಿಯ ಪರದೆಯ ಮೇಲೆ ನೋಡುತ್ತಾರೆ. ನಾಲ್ವತ್ತು ವರ್ಷ ಭಜನೆಯಲ್ಲಿ ಪಖವಾಜ ನುಡಿಸಿದ ಅಜ್ಜನ ಚಿತ್ರವನ್ನು ಅಚ್ಚಿನಲ್ಲಿ ಒಮ್ಮೆಯೂ ನೋಡಿದವರಿಲ್ಲ. ಇಷ್ಟನ್ನು ವಿಚಾರಿಸಿದ ಮೇಲೆ ಹುಡುಗರಲ್ಲಿ ಎರಡು ಪಕ್ಷಗಳಾದವು; ವಾದ ಎರಡು ಸಂಜೆ ನಡೆಯಿತು.

ಅಜ್ಜನನ್ನೇ ಕೇಳಿದ್ದಾಯಿತು. ತಮ್ಮ ಮೋರೆ ಹಾಕಿ ಏನು ಮಾಡುವಿರಿ, ಹಾಕುವುದಾದರೆ ನಮ್ಮ ಪದಗಳ ಚಾಲನ್ನು ಬರೆದುಕೊಳ್ಳಿರಿ ಎಂದು ಅವರು ಹೇಳಿಕಳಿಸಿದರು. ಈ ಭಾಗದಲ್ಲಿ ‘ಚಾಲ’ ಎಂದರೆ ಧಾಟಿ, ಮಟ್ಟು. ಭಜನೆಯ ವಹಿಗಳು ಮನೆಮನೆಯಲ್ಲಿವೆ; ಕೆಲವು ಕನ್ನಡದಲ್ಲಿ, ಕೆಲವು ದೇವನಾಗರಿಯಲ್ಲಿ, ಕನ್ನಡದ ಪದಗಳನ್ನು ದೇವನಾಗರಿಯಲ್ಲಿ ಬರೆದ ವಹಿಗಳೂ ಉಂಟು. ಅವುಗಳಲ್ಲಿ ಸಾಹಿತ್ಯವುಂಟು, ಧಾಟಿಯಿಲ್ಲ. ತಲೆಬರಹದಲ್ಲಿ ಇಂಥ ಪದದ ಚಾಲಿನಂತೆ ಎಂದಷ್ಟೇ ಬರೆದಿರುತ್ತಾರೆ; ಆ ಇನ್ನೊಂದು ಪದವನ್ನು ಬಲ್ಲವರು ತೀರಿಕೊಂಡರೆ ಎರಡೂ ಮೂಕವಾಗುತ್ತವೆ. ಅಜ್ಜನ ಮಾತಿನಿಂದ ಮುಖಪುಟದ ಪ್ರಶ್ನೆ ಹಿಂದೆ ಸರಿದು ಒಳಪುಟದ ಪ್ರಶ್ನೆ ಮುಂದೆ ಬಂದಿತು: ಧಾಟಿಯನ್ನು ಪುಟದ ಮೇಲೆ ಇಡುವುದು ಹೇಗೆ?

ಈ ಪ್ರಶ್ನೆಗೆ ದೂರ ಹೋಗಬೇಕಾದುದಿಲ್ಲ. ಸ್ವರವನ್ನು ಅಚ್ಚಿಗೆ ಒಗ್ಗಿಸಿದ ಮಹನೀಯರಲ್ಲಿ ಒಬ್ಬರಾದ ವಿಷ್ಣು ದಿಗಂಬರ ಪಲುಸ್ಕರರು 1872ರಲ್ಲಿ ಹುಟ್ಟಿದ್ದು ಕುರುಂದವಾಡದಲ್ಲಿ. ಬಾಲಕೃಷ್ಣಬುವಾ ಇಚಲಕರಂಜಿಕರರಲ್ಲಿ ಕಲಿತದ್ದು ಮಿರಜಿನಲ್ಲಿ. ಇವೆರಡೂ ಕೊಗನೊಳ್ಳಿಗೆ ನೆರೆಯ ಸೀಮೆಯ ಊರುಗಳೇ. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದ ಅವರು ಪಾಠಕ್ಕಾಗಿ ಸ್ವರಲಿಪಿಯ ಪುಸ್ತಕಗಳನ್ನು ಪ್ರಕಟಿಸಿದರು. ಅವರ ಪರಂಪರೆಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ‘ಸಂಗೀತ ಕಲಾ ವಿಹಾರ’ ಮಾಸಿಕವನ್ನು ಸಂಪಾದಿಸಿದ ಬಿ. ಆರ್. ದೇವಧರರು ಮಿರಜಿನವರು. ನಮ್ಮ ಮಲ್ಲಿಕಾರ್ಜುನ ಮನಸೂರರ ಗುರುಗಳಲ್ಲಿ ಒಬ್ಬರಾದ ನೀಲಕಂಠಬುವಾ ಅವರೂ ಮಿರಜಿನವರೇ. ಅಲ್ಲಿಯ ಸಿತಾರ ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಇಷ್ಟು ಹತ್ತಿರದಲ್ಲಿ ಇಂಥ ಪರಂಪರೆಯಿರುವಾಗ, ಸಾನ್‌ಫ್ರಾನ್ಸಿಸ್ಕೋದ ರೂಢಿಗಿಂತ ಮೊದಲು ಮಿರಜಿನ ರೂಢಿಯನ್ನು ಅಭ್ಯಸಿಸಿರೆಂದು ನಾನು ಹುಡುಗರಿಗೆ ಹೇಳಿದೆ.

ಇಂದು ಹೆಚ್ಚು ಬಳಕೆಯಲ್ಲಿರುವುದು ಭಾತಖಂಡೆಯವರ ಸ್ವರಲಿಪಿ. ಅದರ ಚಿಹ್ನೆಗಳು ಅಲ್ಪ, ಅರ್ಥ ಸ್ಪಷ್ಟ. ಮಂದ್ರಸ್ವರಕ್ಕೆ ಕೆಳಗೆ ಚುಕ್ಕೆ, ತಾರಸ್ವರಕ್ಕೆ ಮೇಲೆ ಚುಕ್ಕೆ, ಕೋಮಲಕ್ಕೆ ಅಡಿಗೆರೆ, ತೀವ್ರ ಮಧ್ಯಮಕ್ಕೆ ತಲೆಯ ಮೇಲೊಂದು ನಿಲುಗೆರೆ, ಒಂದೇ ಮಾತ್ರೆಯಲ್ಲಿ ಬರುವ ಸ್ವರಗಳಿಗೆ ಕೆಳಗೆ ಕಮಾನು. ಸಮಕ್ಕೆ ಗುಣಿಸುವ ಚಿಹ್ನೆ, ಖಾಲಿಗೆ ಸೊನ್ನೆ. ಇದು ದೇವನಾಗರಿಯಲ್ಲಿ ಬೆಳೆದ ಪದ್ಧತಿ. ಕನ್ನಡಕ್ಕೆ ತಂದಾಗ ಅಕ್ಷರಗಳೇ ತಕರಾರು ತೆಗೆಯುತ್ತವೆ. ‘ಧ’ ಅಕ್ಷರದ ಬುಡದಲ್ಲಿ ಮಹಾಪ್ರಾಣದ ಗೀಟು ಆಗಲೇ ಇದೆ. ಅದರ ಕೆಳಗೆ ಕೋಮಲದ ಗೆರೆ ಎಳೆದರೆ ಎರಡೂ ಕೂಡಿಕೊಳ್ಳುತ್ತವೆ. ಮಂದ್ರದ ಚುಕ್ಕೆಯಿಟ್ಟರೆ ಅದು ಗೀಟಿನ ತುದಿಯೋ ಚುಕ್ಕೆಯೋ ತಿಳಿಯದು. ‘ರೇ’ ಎಂದು ಬರೆದರೆ ದೀರ್ಘದ ಕೊಂಬು ಬಲಕ್ಕೆ ಚಾಚಿ ಪಕ್ಕದ ಮಾತ್ರೆಯ ಜಾಗವನ್ನು ತಿನ್ನುತ್ತದೆ. ಸ್ವರದ ಕೆಳಸಾಲಿನಲ್ಲಿ ಸಾಹಿತ್ಯ ಬಂದಾಗ ಒತ್ತಕ್ಷರಗಳು ಕೆಳಗಿಳಿಯುತ್ತವೆ. ಅವುಗಳ ಕೆಳಗೆ ಬರಬೇಕಾದ ತಾಳದ ಚಿಹ್ನೆಗಳಿಗೆ ಉಸಿರಾಡಲು ಎಡೆಯಿರುವುದಿಲ್ಲ. ಗಣಕದಲ್ಲಿ ಜೋಡಿಸಿದರೆ ಇನ್ನೊಂದು ಪೇಚು: ಅನೇಕ ಫಾಂಟುಗಳಲ್ಲಿ ಕನ್ನಡ ಅಕ್ಷರಕ್ಕೆ ಕೊಟ್ಟ ಚುಕ್ಕೆ ನೇರವಾಗಿ ನಿಲ್ಲದೆ ಪಕ್ಕಕ್ಕೆ ಸರಿಯುತ್ತದೆ.

ಹುಡುಗರು ಕಂಡುಕೊಂಡ ಉಪಾಯ ಸರಳವಾದುದು. ಮನೆಗಳನ್ನು ಸಮವಾಗಿ ಗೆರೆಹಾಕಿ, ಒಂದು ಮನೆಗೆ ಒಂದು ಮಾತ್ರೆಯಂತೆ ಅಕ್ಷರಗಳನ್ನು ಮಾತ್ರ ಗಣಕದಿಂದ ಮುದ್ರಿಸಿದರು. ಚುಕ್ಕೆ ಗೆರೆ ಕಮಾನುಗಳನ್ನು ಮೂಲಪ್ರತಿಯ ಮೇಲೆ ಸಣ್ಣ ಮೊನೆಯ ಪೆನ್ನಿನಿಂದ ಕೈಯಾರೆ ಇಟ್ಟು, ಆಮೇಲೆ ಝೆರಾಕ್ಸ್ ತೆಗೆದರು. ಸಾಲುಗಳ ನಡುವಿನ ಅಂತರವನ್ನು ಗದ್ಯಕ್ಕಿಂತ ಇಮ್ಮಡಿಯಾಗಿ ಬಿಟ್ಟರು. ‘ಧ’ದ ಕೆಳಗಿನ ಗೆರೆ ಗೀಟಿಗೆ ತಾಗದಂತೆ ಒಂದು ಕೂದಲೆಳೆ ಕೆಳಗೆ ಇಳಿಯಿತು.

ಇಲ್ಲಿಯೇ ಕಾಗದದ ಗಣಿತವೂ ಸೇರುತ್ತದೆ. ಎ4 ಹಾಳೆಯನ್ನು ನಡುವೆ ಮಡಿಚಿದರೆ ನಾಲ್ಕು ಪುಟ. ಆದುದರಿಂದ ಪುಟಗಳ ಸಂಖ್ಯೆ ಯಾವಾಗಲೂ ನಾಲ್ಕರ ಗುಣಕವಾಗಿರಬೇಕು. ಹದಿನಾರು ಪುಟಕ್ಕೆ ನಾಲ್ಕು ಹಾಳೆ. ಒಂದು ಬದಿಯಲ್ಲಿ ಕೂಡಿ ಅಚ್ಚಾಗುವ ಎರಡು ಪುಟಗಳ ಮೊತ್ತ ಸದಾ 17: ಒಂದರ ಜೊತೆ ಹದಿನಾರು, ಎರಡರ ಜೊತೆ ಹದಿನೈದು. ಮಡಿಚಿದ ಪುಟದ ಅಗಲ 148 ಮಿಲಿಮೀಟರು. ಎರಡೂ ಕಡೆ 15ರಂತೆ ಅಂಚು ಬಿಟ್ಟರೆ ಉಳಿಯುವುದು 118. ಭಜನೆಯ ಎಂಟು ಮಾತ್ರೆಯ ಠೇಕಾಕ್ಕೆ ಮನೆಯೊಂದಕ್ಕೆ ಸುಮಾರು 15 ಮಿಲಿಮೀಟರು ಸಿಕ್ಕುತ್ತದೆ, ಧಾರಾಳವಾಯಿತು. ಏಕತಾಲದ ಹನ್ನೆರಡು ಮಾತ್ರೆಗಳಿಗೆ ಹತ್ತರ ಸಮೀಪ, ಸಾಕು. ತೀನತಾಲದ ಹದಿನಾರಕ್ಕೆ ಏಳನ್ನು ಚೂರು ಮೀರಿ; ಅದರಲ್ಲಿ ‘ರೇ’ ಮುದುಡಿ ಕುಳ್ಳಿರಬೇಕಾಗುತ್ತದೆ.

ಹಾಗಾದರೆ ಸಾಲನ್ನು ಎಲ್ಲಿ ಬೇಕಾದರಲ್ಲಿ ತುಂಡರಿಸಬಹುದೇ? ಗದ್ಯದಲ್ಲಿ ತುಂಡರಿಸಬಹುದು. ಸ್ವರಲಿಪಿಯಲ್ಲಿ ವಿಭಾಗದ ನಡುವೆ ಸಾಲು ಮುರಿದರೆ ತಾಳವೇ ಮುರಿಯುತ್ತದೆ. ಹೊಸಬನು ಸಮವನ್ನು ತಪ್ಪಿಸಿ ಹಾಡನ್ನೇ ಬೇರೆ ಮಾಡುತ್ತಾನೆ. ಪತ್ರಿಕೆಯ ಪದ್ಧತಿಯೊಂದು ಇಲ್ಲಿ ನೆರವಿಗೆ ಬರುತ್ತದೆ. ನಟ್ಟನಡುವಿನ 8 ಮತ್ತು 9ನೆಯ ಪುಟಗಳು ಒಂದೇ ಹಾಳೆಯ ಮೇಲಿರುತ್ತವೆ. ಅವನ್ನು ವಿಶೇಷ ಲೇಖನಕ್ಕೆ ಮೀಸಲಿಡುವುದು ಸಂಪಾದಕರ ವಾಡಿಕೆ. ಹುಡುಗರು ಆ ಜಾಗವನ್ನು ತೀನತಾಲದ ಪದಕ್ಕೆ ಕೊಟ್ಟರು. ಎಡಪುಟದಲ್ಲಿ ಎಂಟು ಮಾತ್ರೆ, ಬಲಪುಟದಲ್ಲಿ ಎಂಟು. ಪದ ಸಮದಿಂದ ಮೊದಲಾದರೆ ಎರಡು ತಾಳಿಗಳು ಎಡಕ್ಕೆ ಬರುತ್ತವೆ. ಒಂಬತ್ತನೆಯ ಮಾತ್ರೆಯ ಖಾಲಿ ಸರಿಯಾಗಿ ಮಡಿಕೆಯನ್ನು ದಾಟಿದೊಡನೆ ಬೀಳುತ್ತದೆ. ಕೈ ಬಿಚ್ಚುವ ಜಾಗದಲ್ಲಿಯೇ ಕಾಗದವೂ ಬಿಚ್ಚಿಕೊಳ್ಳುತ್ತದೆ. ಇದನ್ನು ಕಂಡುಹಿಡಿದವಳು ತಬಲಾ ಕಲಿಯುತ್ತಿದ್ದ ಒಬ್ಬ ಹುಡುಗಿ. ವಿನ್ಯಾಸದ ಯಾವ ಪುಸ್ತಕವನ್ನೂ ಆಕೆ ಓದಿದ್ದಿಲ್ಲ.

ಉಳಿದ ರೂಢಿಗಳು ಸಲೀಸಾಗಿ ಒಪ್ಪಿದವು. ವಿಷಯಸೂಚಿಯಲ್ಲಿ ಪುಟದ ಅಂಕೆಗಳು ಅಕ್ಷರಕ್ಕಿಂತ ದಪ್ಪ. ಗದ್ಯಕ್ಕೆ ಒಂದು, ಶೀರ್ಷಿಕೆಗೆ ಇನ್ನೊಂದು, ಹೀಗೆ ಎರಡೇ ಬಗೆಯ ಫಾಂಟು; ಮೂರನೆಯದಕ್ಕೆ ಅಪ್ಪಣೆಯಿಲ್ಲ. ಝೆರಾಕ್ಸಿನಲ್ಲಿ ಬಣ್ಣ ನಿಲ್ಲದಾದ್ದರಿಂದ ಭೇದವನ್ನೆಲ್ಲ ದಪ್ಪ ತೆಳುವುಗಳಿಂದಲೇ ತೋರಿಸಬೇಕು. ಸಂದರ್ಶನದಲ್ಲಿ ಪ್ರಶ್ನೆ ದಪ್ಪ ಅಕ್ಷರದಲ್ಲಿ, ಉತ್ತರ ಸಾದಾ ಅಕ್ಷರದಲ್ಲಿ. ಅಜ್ಜನ ಉತ್ತರಗಳನ್ನು ಗ್ರಂಥದ ಕನ್ನಡಕ್ಕೆ ತಿದ್ದಬಾರದೆಂದು ನಾನು ಒತ್ತಿ ಹೇಳಿದೆ. ಮರಾಠಿ ಬೆರೆತ ಅವರ ಕನ್ನಡದಲ್ಲಿಯೇ ಅವರ ಲಯವಿದೆ. ಪ್ರತಿಯೊಂದು ಪದದ ಪಕ್ಕದಲ್ಲಿ ಕ್ಯೂಆರ್ ಸಂಕೇತವನ್ನೂ ಇಟ್ಟರು. ದೂರವಾಣಿಯನ್ನು ಹಿಡಿದರೆ ಧ್ವನಿಮುದ್ರಣ ಕೇಳಿಸುತ್ತದೆ. ಧ್ವನಿಯೇ ದೊರೆಯುವಾಗ ಸ್ವರಲಿಪಿ ಏಕೆಂದು ಒಬ್ಬನು ಕೇಳಿದನು. ಧ್ವನಿಮುದ್ರಣ ಒಬ್ಬರು ಒಂದು ದಿನ ಹಾಡಿದ್ದನ್ನು ಹೇಳುತ್ತದೆ. ಸ್ವರಲಿಪಿ ಎಲುಬಿನ ಗೂಡನ್ನು ತೋರಿಸಿ, ಹಾಡುವವನು ತನ್ನದನ್ನು ಸೇರಿಸಲು ಎಡೆಗೊಡುತ್ತದೆ. ಎರಡೂ ಬೇಕು. ಸಂಕೇತದ ಕೊಂಡಿ ನಾಳೆ ಕಡಿದುಹೋದರೂ ಕಾಗದ ಉಳಿದೀತು.

ಪತ್ರಿಕೆಯ ಹೆಸರನ್ನು ಯಾವ ಲಿಪಿಯಲ್ಲಿ ಬರೆಯಬೇಕೆಂಬುದೇ ಅತ್ಯಂತ ನಾಜೂಕಾದ ಪ್ರಶ್ನೆ. ಹೆಸರು ಕನ್ನಡದಲ್ಲಿಯೇ ಇರಲೆಂದು ಎಲ್ಲರೂ ಒಪ್ಪಿದರು. ಒಳಗಿನ ಅಭಂಗಗಳ ಸಾಹಿತ್ಯ ದೇವನಾಗರಿಯಲ್ಲಿ, ಅವುಗಳ ಸ್ವರ ಕನ್ನಡದಲ್ಲಿ ಬಂದಿತು. ಗಾತ್ರ ಎರಡಕ್ಕೂ ಒಂದೇ. ಒಂದು ಲಿಪಿಯನ್ನು ದೊಡ್ಡದು ಮಾಡಿ ಇನ್ನೊಂದನ್ನು ಅಡಿಟಿಪ್ಪಣಿಗೆ ತಳ್ಳಿದ್ದರೆ ಅದು ವಿನ್ಯಾಸದ ಹೆಸರಿನಲ್ಲಿ ನುಡಿದ ಬೇರೆಯೇ ಮಾತಾಗುತ್ತಿತ್ತು. ಅಕ್ಷರದ ಗಾತ್ರ ಎಷ್ಟು ಮಾತನಾಡಬಲ್ಲುದೆಂಬುದನ್ನು ಗಡಿನಾಡಿನವರಿಗೆ ವಿವರಿಸಿ ಹೇಳಬೇಕಾದುದಿಲ್ಲ.

ವಿದ್ಯಾಲಯದ ಆವರಣದಲ್ಲಿ ಹುಟ್ಟಿದ ಪತ್ರಿಕೆ ಅಲ್ಪಾಯುವೆಂಬ ಮಾತುಂಟು. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಆರಂಭಿಸಿದ ‘ಪ್ರಬುದ್ಧ ಕರ್ಣಾಟಕ’ ಆ ಮಾತಿಗೆ ಹೆಮ್ಮೆಯ ಅಪವಾದ. ಈ ಪುಟ್ಟ ಪತ್ರಿಕೆಗೆ ಅಷ್ಟು ಆಯುಸ್ಸನ್ನು ನಾನು ಹಾರೈಸಬಲ್ಲೆನೇ ಹೊರತು ಭವಿಷ್ಯ ನುಡಿಯಲಾರೆ. ಮೊದಲ ಸಂಚಿಕೆಯಲ್ಲಿ ಮೂರು ಧಾಟಿಗಳು ಅಚ್ಚಾಗಿವೆ. ಮುಖಪುಟದ ಮೇಲೆ ಕೊನೆಗೆ ಬಂದದ್ದು ಯಾರ ಮುಖವೂ ಅಲ್ಲ. ಪಖವಾಜದ ಮೇಲೆ ಇಟ್ಟ ಎರಡು ಕೈಗಳು, ಕೆಳಗೆ ಆ ಕೈಗಳ ಒಡೆಯರ ಹೆಸರು. ಎರಡೂ ಪಕ್ಷದವರು ಇದಕ್ಕೆ ಒಪ್ಪಿದರು. ಆ ಮೂರು ಧಾಟಿಗಳನ್ನು ಬಲ್ಲವರು ಊರಿನಲ್ಲಿ ಈಗ ನಾಲ್ಕೇ ಮಂದಿ. ಮುಂದಿನ ಸಂಚಿಕೆಗೆ ಇನ್ನೆಷ್ಟು ಪದಗಳು ದೊರೆತಾವೆಂಬುದು ಹುಡುಗರ ಉತ್ಸಾಹದಷ್ಟೇ ಆ ನಾಲ್ವರ ಆರೋಗ್ಯವನ್ನೂ ಅವಲಂಬಿಸಿದೆ. ಆದುದರಿಂದ ಎರಡನೆಯ ಸಂಚಿಕೆ ಬೇಗ ಬರಲಿ.