ರಾಮನದುರ್ಗ: ಸಂಡೂರು ಬೆಟ್ಟಸಾಲಿನ ಗಣಿ ಮತ್ತು ಗ್ರಾಮ

ಗಣಿಗ್ರಾಮವೆಂದೊಡನೆ ಕಲ್ಲಿದ್ದಲಿನ ಊರುಗಳು ನೆನಪಿಗೆ ಬರುವುದು ಸಹಜ. ಆದರೆ ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. ದಕ್ಷಿಣ ಭಾರತದಲ್ಲಿ ಕಲ್ಲಿದ್ದಲು ಪ್ರಧಾನವಾಗಿ ಗೋದಾವರಿ ಕಣಿವೆಯ ಗೊಂಡ್ವಾನಾ ಶಿಲಾಪದರಗಳಲ್ಲಿ ದೊರೆಯುತ್ತದೆ. ಸಂಡೂರಿನ ಬೆಟ್ಟಗಳಾದರೋ 250 ಕೋಟಿ ವರ್ಷಗಳಿಗೂ ಹಿಂದಿನ ಧಾರವಾಡ ಶಿಲೆಗಳಿಂದಾದವು. ಅವು ರೂಪುಗೊಂಡ ಕಾಲದಲ್ಲಿ ಇದ್ದಲಾಗಬಲ್ಲ ಕಾಡುಗಳೇ ಭೂಮಿಯ ಮೇಲಿರಲಿಲ್ಲ. ಇಲ್ಲಿ ಸಂಚಯಗೊಂಡದ್ದು ಕಬ್ಬಿಣ ಮತ್ತು ಮ್ಯಾಂಗನೀಸ್. ಈ ಭಾಗದ ಗಣಿಗ್ರಾಮಗಳ ಚರಿತ್ರೆಯನ್ನು ಅರಿಯಲು ಈ ಭೇದವೇ ಮೊದಲ ಮೆಟ್ಟಿಲು.

ಸಂಡೂರು ತಾಲ್ಲೂಕಿನ ರಾಮನದುರ್ಗವು ಸುಮಾರು 3,200 ಅಡಿ ಎತ್ತರದಲ್ಲಿರುವ ಪುಟ್ಟ ಗ್ರಾಮ. ಜನಪದ ಪರಂಪರೆ ಈ ಬೆಟ್ಟಗಳನ್ನು ಕಂಪಿಲಿಯ ಕುಮಾರರಾಮನ ಹೆಸರಿನೊಡನೆ ಬೆಸೆದಿದೆ. 19ನೆಯ ಶತಮಾನದ ಮಧ್ಯಭಾಗದಲ್ಲಿ ಬಳ್ಳಾರಿಯ ಬ್ರಿಟಿಷ್ ಸೈನಿಕರಿಗಾಗಿ ಇಲ್ಲಿ ಆರೋಗ್ಯಧಾಮವೊಂದು ಸ್ಥಾಪನೆಯಾಯಿತು. ಹೀಗೆ ಕೋಟೆಯ ಊರು ತಂಪುಗಾಳಿಯ ಊರಾಯಿತು. ಮುಂದೆ ಅದಿರಿನ ಊರೂ ಆಯಿತು.

ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತ ರಾಬರ್ಟ್ ಬ್ರೂಸ್ ಫೂಟ್ ಅವರ ಗ್ರಂಥ 1895ರಲ್ಲಿ ಪ್ರಕಟವಾಯಿತು. 1909ರಲ್ಲಿ ಎಲ್. ಎಲ್. ಫರ್ಮರ್ ಅವರು ಭಾರತದ ಮ್ಯಾಂಗನೀಸ್ ನಿಕ್ಷೇಪಗಳ ಸಮೀಕ್ಷೆಯಲ್ಲಿ ಸಂಡೂರನ್ನೂ ವಿವರಿಸಿದರು. ಆ ವೇಳೆಗಾಗಲೇ ಘೋರ್ಪಡೆ ಅರಸರ ಆಳ್ವಿಕೆಯ ಈ ಸಂಸ್ಥಾನದಲ್ಲಿ ಜನರಲ್ ಸಂಡೂರ್ ಮೈನಿಂಗ್ ಕಂಪನಿ ಕಾರ್ಯಾರಂಭ ಮಾಡಿತ್ತು. ಉಕ್ಕನ್ನು ಗಟ್ಟಿಗೊಳಿಸುವ ಮ್ಯಾಂಗನೀಸಿಗೆ ಹೊರದೇಶಗಳಲ್ಲಿ ಬೇಡಿಕೆಯಿತ್ತು. ಅದಿರಿನ ಸಾಗಣೆಗೆಂದು ಹೊಸಪೇಟೆಯ ರೈಲುಮಾರ್ಗ ಸ್ವಾಮಿಹಳ್ಳಿಯವರೆಗೆ ಬಂದಿತು. 1949ರಲ್ಲಿ ಸಂಸ್ಥಾನ ಮದ್ರಾಸ್ ಪ್ರಾಂತದಲ್ಲಿ ವಿಲೀನಗೊಂಡು, 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1954ರಲ್ಲಿ ಸಂಡೂರ್ ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಸಂಸ್ಥೆ ಸ್ಥಾಪಿತವಾಯಿತು.

ಮ್ಯಾಂಗನೀಸ್ ಇಲ್ಲಿ ಬಿಡಿಬಿಡಿ ಗುಂಪುಗಳಾಗಿ, ಮಣ್ಣು ಮತ್ತು ಹುಸಿಗಲ್ಲುಗಳೊಡನೆ ಬೆರೆತು ದೊರೆಯುತ್ತದೆ. ಅದನ್ನು ಬೇರ್ಪಡಿಸಲು ಕಣ್ಣು ಮತ್ತು ಕೈ ಬೇಕಾಗುತ್ತಿತ್ತು. ಗಂಡಸರು ಹಾರೆ ಗುದ್ದಲಿಗಳಿಂದ ಅಗೆದರೆ, ಹೆಂಗಸರು ಸುತ್ತಿಗೆಯಿಂದ ಒಡೆದು, ತೂಕ ಬಣ್ಣಗಳಿಂದ ಗುರುತಿಸಿ, ಬುಟ್ಟಿಗಳಲ್ಲಿ ಹೊರುತ್ತಿದ್ದರು. ಆದುದರಿಂದ ಗಣಿ ಬೆಳೆದಷ್ಟೂ ದುಡಿಯುವ ಕೈಗಳಿಗೆ ಕೆಲಸವಿತ್ತು. ತಾಂಡಾಗಳ ಲಂಬಾಣಿ ಕುಟುಂಬಗಳು ಇದರಲ್ಲಿ ತೊಡಗಿದವು. ಕಬ್ಬಿಣದ ಅದಿರಿನ ಸ್ವಭಾವ ಬೇರೆ. ಅದು ಬೆಟ್ಟದ ನೆತ್ತಿಯುದ್ದಕ್ಕೂ ಹಬ್ಬಿರುವ ದಪ್ಪ ಪಟ್ಟಿಗಳಲ್ಲಿರುವುದರಿಂದ ಯಂತ್ರಕ್ಕೆ ಒಗ್ಗುತ್ತದೆ. 1977ರಲ್ಲಿ ಆರಂಭವಾದ ದೋಣಿಮಲೈ ಗಣಿ ಯಂತ್ರಾಧಾರಿತ ಗಣಿಗಾರಿಕೆಗೆ ನಿದರ್ಶನ. ಅದಿರಿನ ಪ್ರಮಾಣ ಹೆಚ್ಚಿದಂತೆ ಟನ್ನಿಗೆ ಬೇಕಾದ ಕೈಗಳ ಸಂಖ್ಯೆ ಇಳಿಯಿತು.

ಕಲ್ಲಿದ್ದಲಿನ ಸುರಂಗ ನೆಲದೊಳಗೆ ಅಡಗಿರಬಲ್ಲದು. ಇಲ್ಲಿನ ಗಣಿ ಬೆಟ್ಟದ ನೆತ್ತಿಯನ್ನೇ ಕಳೆಯುತ್ತದೆ. ಆ ನೆತ್ತಿಯೇ ಕಾಡಿನ ಆಶ್ರಯ, ನಾರಿಹಳ್ಳದಂತಹ ತೊರೆಗಳ ಮೂಲ. ಅದಿರಿಗಾಗಿ ತೆಗೆದು ಇಳಿಜಾರಿನಲ್ಲಿ ಸುರಿದ ಮಣ್ಣು ಮಳೆಯೊಡನೆ ಹಳ್ಳಕ್ಕೂ ಕೆರೆಗೂ ಇಳಿಯುತ್ತದೆ. 2000ದ ನಂತರ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದಾಗ ಈ ಹಾನಿಯೂ ತೀವ್ರವಾಯಿತು. ಹೊಲಗಳನ್ನೂ ಅಗೆಯಲಾಯಿತು, ಲಾರಿಗಳ ಕೆಂಧೂಳು ಬೆಳೆಗಳನ್ನು ಮುಸುಕಿತು.

2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ ವರದಿ ಸಲ್ಲಿಕೆಯಾಯಿತು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ತಡೆಹಿಡಿಯಿತು. 2013ರ ಏಪ್ರಿಲ್ ತೀರ್ಪು ತೀವ್ರ ಉಲ್ಲಂಘನೆಯ ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿ, ಉಳಿದವುಗಳಿಗೆ ಭೂಪುನಶ್ಚೇತನದ ಷರತ್ತು ವಿಧಿಸಿತು. 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ರಚನೆಯಾಯಿತು. ತಡೆಯಿಂದ ಬೆಟ್ಟಕ್ಕೆ ಬಿಡುವು ದೊರೆಯಿತಾದರೂ, ಲಾರಿ ಮತ್ತು ಕೂಲಿಯನ್ನು ನೆಚ್ಚಿದ್ದ ಮನೆಗಳ ಆದಾಯ ನಿಂತಿತು. ಅಕ್ರಮದ ಲಾಭ ಪಡೆದವರು ಒಬ್ಬರಾದರೆ ಅದು ನಿಂತಾಗ ನಷ್ಟ ಅನುಭವಿಸಿದವರು ಇನ್ನೊಬ್ಬರು ಎಂಬುದು ಇಲ್ಲಿ ಮರೆಯಬಾರದ ಸಂಗತಿ.

ಕೋಟೆ ಪಾಳುಬಿದ್ದರೂ, ಆರೋಗ್ಯಧಾಮ ಮುಚ್ಚಿದರೂ ರಾಮನದುರ್ಗಕ್ಕೆ ಬೆಟ್ಟವಿತ್ತು, ನೀರಿತ್ತು. ಗಣಿಯೊಂದೇ ತಾನು ಹೋಗುವಾಗ ಇವೆರಡನ್ನೂ ಒಯ್ಯಬಲ್ಲದು. ಆದುದರಿಂದ ಪುನಶ್ಚೇತನವನ್ನು ನೆಟ್ಟ ಸಸಿಗಳ ಲೆಕ್ಕದಿಂದಲೇ ಅಳೆಯಲಾಗದು. ಹಳ್ಳದಲ್ಲಿ ಮರಳಿ ಹರಿಯುವ ತಿಳಿನೀರು ಮತ್ತು ಊರಿನಲ್ಲೇ ದೊರೆಯುವ ದುಡಿಮೆ ಅದರ ನಿಜವಾದ ಅಳತೆಗೋಲುಗಳಾಗಬೇಕು.